ಅಣ್ಣನ ಕಲ್ಲಿನ ಹನ್ನೊಂದು ಫೋಟೋ

ಸಿಕ್ಕಿದವು! ಹನ್ನೊಂದಕ್ಕೆ ಹನ್ನೊಂದೂ ಫೋಟೋ ಸಿಕ್ಕಿದವು. ಒಂದೂ ಹಾಳಾಗಿರಲಿಲ್ಲ. ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕಂಡಕಂಡವರಿಗೆಲ್ಲ ನಾನು ಇದನ್ನೇ ಹೇಳಿದೆ. ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು, "ಎಂತಾ ಸಿಕ್ತು ಅಜ್ಜಾ, ಬಂಗಾರವಾ?" ಎಂದಳು.

"ಮನೆ ಸಿಕ್ತು, ಮರ ಸಿಕ್ತು, ನನ್ನ ಅಣ್ಣ ಸಿಕ್ದ!"

ಅವಳು ನನ್ನನ್ನು ಬಿಟ್ಟು, ಪಕ್ಕದಲ್ಲಿ ನಿಂತಿದ್ದ ನನ್ನ ಮೊಮ್ಮಗಳ ಮುಖ ನೋಡಿದಳು. "ತಲೆ ಸಮಾ ಅದೆ ಅಕ್ಕಾ, ಇವತ್ತೊಂದಿನ ಹೀಂಗೆ," ಎಂದಳು ಮೊಮ್ಮಗಳು. ಲ್ಯಾಪ್‌ಟಾಪು ಅವಳ ಎದೆಗೆ ಅವುಚಿಕೊಂಡಿತ್ತು, ಹಸುಗೂಸಿನ ಹಾಗೆ.

ಅದಾಗಿ ಎರಡು ಮಳೆಗಾಲ ಕಳೆದಿವೆ. ನಾನು ಕಲಿತದ್ದು ಎರಡನೇ ಇಯತ್ತೆ. ಒಂದು ಪುಟ ಬರೆಯಲು ಒಂದು ದಿನ ಬೇಕು. ಆದರೂ ಬರೆಯುತ್ತೇನೆ, ಯಾಕೆಂದರೆ ಇದು ಒಳಗೆ ನಿಲ್ಲುವುದಿಲ್ಲ, ಉಕ್ಕುತ್ತದೆ.

ನನಗಿಂತ ಆರು ವರ್ಷ ದೊಡ್ಡವನು ನನ್ನ ಅಣ್ಣ. ಅವನ ಬಾಯಲ್ಲಿ ಯಾವಾಗಲೂ ಬೀಡಿ, ಮಳೆಯಲ್ಲೂ ಬೀಡಿ. ಚೆಂಡಿಯಾದ ಹತ್ತಿರ, ಸಮುದ್ರಕ್ಕೆ ಮುಖ ಮಾಡಿ ನಮ್ಮ ಮನೆ ಇತ್ತು. ಮನೆಯ ಹಿಂದೆ ಒಂದು ಹುಣಸೆಮರ. ದೋಣಿಯಲ್ಲಿ ದೂರ ಹೋಗಿ ತಿರುಗಿ ನೋಡಿದರೆ ಆ ಹುಣಸೆಮರ ಗುಡ್ಡದ ಸಾಲಿನ ಒಂದು ತಗ್ಗಿನ ಕೆಳಗೆ ಸರಿಯಾಗಿ ಬಂದು ನಿಲ್ಲಬೇಕು. ಅದೇ ಹೊತ್ತಿಗೆ ಬಲಗಡೆಯ ದ್ವೀಪದ ಮೂಗು ಹಿಂದಿನ ಬಂಡೆಯನ್ನು ಮುಟ್ಟಬೇಕು. ಈ ಎರಡು ಗೆರೆ ಕೂಡುವಲ್ಲಿ, ನೀರಿನ ಅಡಿ ಒಂದು ದೊಡ್ಡ ಕಲ್ಲಿದೆ. ಕಲ್ಲಿದ್ದಲ್ಲಿ ಮೀನು. ಇಂಥ ಗುರುತನ್ನು ನಮ್ಮವರು ಯಾರಿಗೂ ಹೇಳುವುದಿಲ್ಲ. ಹೆಂಡತಿಗೂ ಹೇಳುವುದಿಲ್ಲ. ಅಣ್ಣ ನನಗೆ ತೋರಿಸಿದ ದಿನ ನನ್ನ ಬಲಗೈಯನ್ನು ನೀರಿನಲ್ಲಿ ಅದ್ದಿಸಿ ಹೇಳಿದ್ದ: "ಬಾಯಿ ಬಿಟ್ಟೆ ಅಂದ್ರೆ ಕಲ್ಲು ಮೀನ ಕೊಡುದಿಲ್ಲ. ಮನ್ಷಾರ್ನ ತಕಂತದೆ."

ನಾನು ಬಾಯಿ ಬಿಟ್ಟಿರಲಿಲ್ಲ. ಆದರೂ ಕಲ್ಲು ಅವನನ್ನೇ ತೆಗೆದುಕೊಂಡಿತು. ಗಾಳಿ ಎದ್ದು ದೋಣಿ ಮಗುಚಿತು. ಮಗುಚಿದ ದೋಣಿಯ ಬೆನ್ನು ಹಿಡಿದು ನಾನು ಉಳಿದೆ, ಅಣ್ಣ ಮೇಲೆ ಬರಲಿಲ್ಲ. ಹೆಣವೂ ದಡಕ್ಕೆ ಬರಲಿಲ್ಲ. ಹಾಗಾಗಿ ಅವನಿಗೆ ಗೋರಿಯೆಂದರೂ ಆ ಕಲ್ಲೇ, ಮನೆಯೆಂದರೂ ಆ ಕಲ್ಲೇ. ನೂಲಹುಣ್ಣಿಮೆಗೆ ನಾವು ಸಮುದ್ರಕ್ಕೆ ತೆಂಗಿನಕಾಯಿ ಕೊಡುತ್ತೇವಲ್ಲ, ಆ ದಿನ ನಾನು ಇನ್ನೊಂದು ಕಾಯಿಯನ್ನು ಕಲ್ಲಿನ ಮೇಲಿನ ನೀರಿಗೆ ಬಿಡುತ್ತಿದ್ದೆ. ಒಂದು ವರ್ಷವೂ ತಪ್ಪಿಸಲಿಲ್ಲ.

ಆಮೇಲೆ ನಮ್ಮ ಜಾಗ ನೇವಿಗೆ ಹೋಯಿತು. ನಮಗೆ ರಸ್ತೆಯ ಬದಿಗೆ ಕಾಲನಿಯಲ್ಲಿ ಜಾಗ ಸಿಕ್ಕಿತು. ಮನೆ ಕೆಡವಿದರು, ಹುಣಸೆಮರ ಕಡಿದರು. ಕಲ್ಲು ಇರುವುದು ಗಡಿಯ ಆಚೆಯ ನೀರಿನಲ್ಲಿ, ಅಲ್ಲಿಗೆ ಹೋಗಲು ಅಡ್ಡಿಯಿಲ್ಲ. ಆದರೆ ಎಲ್ಲಿಗೆ ಅಂತ ಹೋಗುವುದು? ಮೊದಲನೇ ನೂಲಹುಣ್ಣಿಮೆಗೆ ಸುತ್ತಿ ಸುತ್ತಿ, ಇಲ್ಲೇ ಇರಬೇಕು ಎಂದು ಕಾಯಿ ಬಿಟ್ಟೆ. ದೋಣಿ ತಿರುಗಿಸಿದರೆ ಕಾಯಿ ತೇಲುತ್ತ ನಮ್ಮ ಹಿಂದೆಯೇ ಬಂತು. ಮಗ "ಸೆಳವು ಅಪ್ಪಾ, ಸೆಳವು" ಎಂದ. ಇರಬಹುದು. ನನಗೆ ಮಾತ್ರ, ಇಲ್ಲಲ್ಲ ಮಾರಾಯಾ ಎಂದು ಅಣ್ಣ ವಾಪಸು ಕಳಿಸಿದ ಹಾಗೆ ಕಂಡಿತು. ಮೂರು ವರ್ಷ ಹೀಗೇ ಆಯಿತು. ಮೂರೂ ವರ್ಷ ಊಟಕ್ಕೆ ಕೂತರೆ ಬೀಡಿಯ ವಾಸನೆ. ನಮ್ಮ ಮನೆಯಲ್ಲಿ ಬೀಡಿ ಸೇದುವವರು ಯಾರೂ ಇಲ್ಲ.

ನಾಲ್ಕನೇ ವರ್ಷ ಮೊಮ್ಮಗಳ ಸೋದರಮಾವ ಗೋವಾದಲ್ಲಿ ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪನ್ನು ಅವಳಿಗೆ ಕೊಟ್ಟ. ಅವಳು ಕಾರವಾರದಲ್ಲಿ ಕಾಲೇಜಿಗೆ ಹೋಗುವವಳು. ಅದರೊಳಗೆ ಏನೇನಿದೆ ಎಂದು ಹುಡುಕುತ್ತ ಒಮ್ಮೆಲೇ ಕೂಗಿದಳು, "ಅಜ್ಜಾ, ನಮ್ಮ ಹಳೇ ಮನೆ!"

ಊರು ಬಿಡುವ ಮೊದಲಿನ ವರ್ಷ ಆ ಮಾವ ನಮ್ಮ ದೋಣಿಯಲ್ಲಿ ಕೂತು ಬಂದು ತೆಗೆದ ಫೋಟೋಗಳು. ಹನ್ನೊಂದು. ನಾನು ಅವನನ್ನು ಕಲ್ಲಿನ ಮೇಲೆಯೇ ಕರೆದುಕೊಂಡು ಹೋಗಿದ್ದೆ, ಕಲ್ಲಿನ ವಿಷಯ ಹೇಳದೆ. ಈಗ ಪರದೆಯ ಮೇಲೆ ಗುಡ್ಡದ ಸಾಲು, ತಗ್ಗು, ತಗ್ಗಿನ ಕೆಳಗೆ ಹುಣಸೆಮರ. ಬಾಗಿಲಲ್ಲಿ ಕೆಂಪು ಸೀರೆಯ ಒಂದು ಚುಕ್ಕೆ. ನನ್ನ ಹೆಂಡತಿ ಬಗ್ಗಿ ನೋಡಿ, "ಅದು ನಾನು," ಎಂದಳು. ಆಮೇಲೆ, "ಅವಳು ಅಲ್ಲೇ ಉಳಿದ್ಲು. ಬಂದವಳು ಬೇರೆ ಯಾರೋ," ಎಂದಳು.

ಮರ ಇಲ್ಲದಿದ್ದರೇನು, ಗುಡ್ಡ ಇದೆಯಲ್ಲ. ಮರ ಯಾವ ತಗ್ಗಿನ ಕೆಳಗಿತ್ತು, ಎಷ್ಟು ಎಡಕ್ಕಿತ್ತು ಎಂದು ಫೋಟೋ ನೋಡಿ ಕಲಿತರೆ ಕಲ್ಲು ಸಿಗುತ್ತದೆ! ಖುಷಿಯಲ್ಲಿ ಆ ಸಂಜೆ ಮೊಮ್ಮಗಳಿಗೆ ಎರಡೂ ಗೆರೆ ಬಾಯಿ ಬಿಟ್ಟು ಹೇಳಿಬಿಟ್ಟೆ. ಹುಟ್ಟಿದ ಮೇಲೆ ಮೊದಲ ಸಲ.

ಮರುದಿನವೇ ಯಂತ್ರಕ್ಕೆ ಏನೋ ಬಡಿಯಿತು. ಯಾರೂ ಮುಟ್ಟದೆ ಅದರ ಸಿ.ಡಿ. ತಟ್ಟೆ ನಾಲಿಗೆಯ ಹಾಗೆ ಹೊರಗೆ ಬಂತು, ಒಳಗೆ ಹೋಯಿತು. ಪರದೆಯ ಮೇಲಿನ ಕಿಟಕಿಗಳು ತಾವಾಗಿ ತೆರೆದವು. ಮೊಮ್ಮಗಳ ಫೋಲ್ಡರುಗಳೆಲ್ಲ ಅಡಗಿ, ಅವೇ ಹೆಸರಿನ ಸುಳ್ಳು ಫೋಲ್ಡರುಗಳು ಬಂದು ಕೂತವು. "ವೈರಸ್ ಅಜ್ಜಾ. ಪ್ರಿಂಟ್ ತೆಗೆಯುವ ಅಂಗಡಿಯಲ್ಲಿ ಪೆನ್‌ಡ್ರೈವ್ ಹಾಕಿದ್ದೆ, ಅಲ್ಲಿಂದ ಬಂದದ್ದು," ಎಂದಳು ಅವಳು. ನನ್ನ ಹೆಂಡತಿ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ಸೊಸೆ ನಕ್ಕಳು: "ಅತ್ತೇ, ಅದ್ಕೆ ಕೋಳಿನೂ ಕೊಯ್ರಿ. ನಮ್ಗಾದ್ರೂ ಊಟಕ್ಕಾಗ್ತದೆ." ನಾನು ನಗಲಿಲ್ಲ. ಪೆನ್‌ಡ್ರೈವೋ ಮಣ್ಣೋ, ನನಗೆ ಗೊತ್ತಿತ್ತು, ಬಾಯಿ ಬಿಟ್ಟವನು ಯಾರು ಎಂದು.

ಸಿಸ್ಟಂ ತೆಗೆದು ಹೊಸದಾಗಿ ಹಾಕಿಸಬೇಕು ಎಂದಾಯಿತು. ಅಂಕೋಲೆಯಲ್ಲಿ ಒಬ್ಬ ಹೆಂಗಸು ಕಂಪ್ಯೂಟರ್ ಕ್ಲಾಸು ನಡೆಸುತ್ತ ರಿಪೇರಿಯನ್ನೂ ಮಾಡುತ್ತಾಳೆ ಎಂದು ಯಾರೋ ಹೇಳಿದರು. ಮೊಮ್ಮಗಳಿಗೆ ಪರೀಕ್ಷೆ, ಮಳೆಗಾಲವಾದ್ದರಿಂದ ನನಗೆ ಕೆಲಸವಿಲ್ಲ, ಹಾಗಾಗಿ ಒಯ್ಯುವವನು ನಾನೇ. ಉಳಿಸಿಕೊಡಬೇಕಾದ್ದನ್ನೆಲ್ಲ ಅವಳು ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಕೊನೆಯ ಸಾಲು: "ಅಜ್ಜನ ಸಮುದ್ರದ ಫೋಟೋ, ಹನ್ನೊಂದು."

ಅಂಗಡಿಯಾಕೆಗೆ ನಲವತ್ತರ ಹತ್ತಿರದ ವಯಸ್ಸು. ನನ್ನ ಕೈ ನೋಡಿದವಳೇ, "ಬಲೆ ಕೈ. ಯಾವ ಬದಿಯವರು?" ಎಂದಳು. ಹೇಳಿದೆ. "ನಾನು ಬೇಲೆಕೇರಿಯವಳು ಅಜ್ಜಾ. ನಮ್ಮಪ್ಪಂದೂ ದೋಣಿ."

ಬೇಲೆಕೇರಿಯ ದೋಣಿಯವರು! ಅದೇ ನೀರಿಗೆ ಬಂದು ಬಲೆ ಬಿಡುವವರು. ಇವಳು ಫೋಟೋ ನೋಡಿ ಅಪ್ಪನಿಗೆ ಹೇಳಿದರೆ? ಅವಳು ಆ ಕಡೆ ತಿರುಗಿದಾಗ ಚೀಟಿಯ ಕೊನೆಯ ಸಾಲನ್ನು ಮೆಲ್ಲಗೆ ಹರಿದು ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡೆ. ಹೇಳದಿದ್ದರೆ ಅವಳು ಮುಟ್ಟುವುದಿಲ್ಲ, ಮುಟ್ಟದಿದ್ದರೆ ಅದು ಒಳಗೆ ಇದ್ದಲ್ಲೇ ಇರುತ್ತದೆ, ಹೀಗೆ ನನ್ನ ಲೆಕ್ಕ. ದೋಣಿಯ ಹಲಗೆಯ ಕೆಳಗೆ ಇಟ್ಟ ವಸ್ತುವಿನ ಹಾಗೆ.

"ಇಷ್ಟೆಯಾ?" ಎಂದು ಚೀಟಿ ತಿರುಗಿಸಿ ನೋಡಿದಳು.

"ಇಷ್ಟೆ."

"ಮತ್ತೆಂತಾ ಇಲ್ವಾ? ಎಲ್ಲಾ ಕೆರೆದು ತೆಗೀತೆ ನಾನು, ನೋಡಿ."

"ಇಲ್ಲಾ," ಎಂದೆ. ಸಮುದ್ರದ ಮೇಲೆ ಯಾರಾದರೂ ಮೀನು ಬಿತ್ತಾ ಎಂದು ಕೇಳಿದರೆ ಹೇಳುವ ಇಲ್ಲ ಅದು, ತಾನಾಗಿ ಬಾಯಿಗೆ ಬಂತು.

ಮೂರು ದಿನ ಬಿಟ್ಟು ಲ್ಯಾಪ್‌ಟಾಪು ಮನೆಗೆ ಬಂತು. ಮೊಮ್ಮಗಳು ತೆರೆದಳು. ತೊಳೆದಿಟ್ಟ ಹಾಗೆ ಚೊಕ್ಕ. ತಟ್ಟೆ ಹೊರಗೆ ಬರಲಿಲ್ಲ, ಯಾವ ಕಿಟಕಿಯೂ ತಾನಾಗಿ ತೆರೆಯಲಿಲ್ಲ. ನಮ್ಮನ್ನು ಕಾಲನಿಗೆ ತಂದು ಇಳಿಸಿದ ದಿನ ಜಾಗ ಹೀಗೇ ಇತ್ತು, ಗಿಡವಿಲ್ಲ, ನೆರಳಿಲ್ಲ, ಬರಿದೆ ಚೌಕ. ಅವಳ ಪಾಠಗಳೆಲ್ಲ ಇದ್ದವು.

"ಅಜ್ಜಾ, ಫೋಟೋ ಎಲ್ಲಿ?"

ನಾನು ಎಲೆಯಡಿಕೆ ಚೀಲದಿಂದ ಚೀಟಿಯ ತುಂಡು ತೆಗೆದು ಅವಳ ಕೈಯಲ್ಲಿಟ್ಟೆ. ಸುಣ್ಣ ಹತ್ತಿತ್ತು. ಅವಳು ಓದಿದಳು. ಯಾಕೆ ಹರಿದೆನೆಂದು ಹೇಳಿದೆ. ಬೈದವನು ಮಗ: "ಬೇಲೆಕೇರಿಯವ್ರು ಕದೀತ್ರು ಅಂತ ಹೆದ್ರಿ ಮನೆಯನ್ನೇ ಸುಟ್ಟೆ, ಅಲ್ದಾ ಅಪ್ಪಾ?" ಮಾವನಿಗೆ ಫೋನು ಮಾಡಿದರೆ ಅವನ ಹತ್ತಿರವೂ ಇಲ್ಲ, ಇದ್ದದ್ದು ಇದೊಂದರಲ್ಲೇ.

ಎರಡು ದಿನ ನಾನು ದಡಕ್ಕೆ ಹೋಗಿ ಕೂತೆ. ಮಳೆಗಾಲದ ಸಮುದ್ರ ಮಣ್ಣಿನ ಬಣ್ಣದ್ದು, ಏನನ್ನೂ ತೋರಿಸುವುದಿಲ್ಲ. ಕಣ್ಣು ಮುಚ್ಚಿ ಹುಣಸೆಮರವನ್ನು ಗುಡ್ಡದ ಕೆಳಗೆ ನಿಲ್ಲಿಸಲು ನೋಡಿದೆ, ನಿಲ್ಲಲಿಲ್ಲ, ಎಡಕ್ಕೆ ಸರಿಯಿತು, ಬಲಕ್ಕೆ ಸರಿಯಿತು. ಬೀಡಿಯ ವಾಸನೆ ಅಲ್ಲಿಗೂ ಬಂತು. "ತಪ್ಪಾಯ್ತು ಅಣ್ಣಾ," ಎಂದೆ.

ಮೂರನೇ ದಿನ ಮೊಮ್ಮಗಳ ಪರೀಕ್ಷೆ ಮುಗಿಯಿತು. "ಒಂದ್ಸಲ ಕೇಳ್ವಾ, ಬಾ," ಎಂದು ನನ್ನನ್ನು ಎಬ್ಬಿಸಿ ಅಂಕೋಲೆಗೆ ಹೊರಡಿಸಿದಳು. ಅಂಗಡಿಯಾಕೆ ನನ್ನ ಮುಖ ನೋಡಿದವಳೇ ಕಪಾಟಿನಿಂದ ಒಂದು ಹಾರ್ಡ್‌ಡಿಸ್ಕ್ ತೆಗೆದಳು.

"ಬರ್ತ್ರಿ ಅಂತ ಗೊತ್ತಿತ್ತು. ಚೀಟಿಯ ತುದಿ ಆಗಷ್ಟೇ ಹರಿದ ಹಾಂಗಿತ್ತು. ಸಮುದ್ರದವರು ಕೇಳಿದ್ದಕ್ಕೆ ಅರ್ಧ ಹೇಳುವವರು, ನಮ್ಮಪ್ಪನೂ ಹೀಂಗೇ. ಅದ್ಕೆ ಎಲ್ಲಾನೂ ಮೊದಲು ಇದಕ್ಕೆ ಇಳಿಸಿಕೊಂಡು, ಆಮೇಲೇ ಕೆರೆದದ್ದು. ವೈರಸ್ ಇದ್ದದ್ದಕ್ಕೆ, ಚೀಟಿಯಲ್ಲಿ ಬರೆದಿದ್ದನ್ನ ಮಾತ್ರ ತೊಳೆದು ತುಂಬಿಕೊಟ್ಟೆ. ಉಳಿದದ್ದು ಇಲ್ಲೇ ಅದೆ."

ದೋಣಿಯ ಹೊಟ್ಟೆಗೆ ಹತ್ತಿದ ಚಿಪ್ಪು ಕೆರೆಯುವ ಮೊದಲು ನಾವೂ ಒಳಗಿದ್ದದ್ದನ್ನೆಲ್ಲ ಮರಳಿನ ಮೇಲೆ ಇಳಿಸುತ್ತೇವೆ. ಅಷ್ಟು ನನಗೆ ಹೊಳೆಯಲಿಲ್ಲವಲ್ಲ!

ವೈರಸ್ಸು ಅಡಗಿಸಿಟ್ಟಿದ್ದ ಫೋಲ್ಡರನ್ನು ಅವಳು ಬಿಡಿಸಿ ತೆರೆದಳು. ಗುಡ್ಡ, ತಗ್ಗು, ಹುಣಸೆಮರ, ಬಾಗಿಲಲ್ಲಿ ಕೆಂಪು ಚುಕ್ಕೆ. ನಾನು ಅಲ್ಲೇ, ಕ್ಲಾಸಿನ ಹುಡುಗಿಯರ ಎದುರಿಗೇ ಅತ್ತೆ.

"ಇದು ಆ ಕಲ್ಲಿನ ಮೇಲಿಂದ ತೆಗೆದದ್ದು ಅಲ್ದಾ?" ಎಂದಳು ಅವಳು ಮೆಲ್ಲಗೆ. ನಾನು ಪರದೆಗೆ ಕೈ ಅಡ್ಡ ಹಿಡಿದೆ. "ಹೆದರಬೇಡಿ. ನಮ್ಮಪ್ಪಂಗೂ ಗೊತ್ತದೆ ಅದು, ನಮ್ಮ ಬದಿಯ ಗುರುತು ಬೇರೆ. ಸಣ್ಣಿದ್ದಾಗ ನನ್ನ ಒಂದ್ಸಲ ಕರ್ಕಂಡು ಹೋಗಿದ್ದ. ಅಲ್ಲಿ ದಾಟುವಾಗ ಒಂದು ಬೀಡಿ ಹಚ್ಚಿ, ಎರಡೆಳೆ ಎಳೆದು, ನೀರಿಗೆ ಎಸೆದ. ಎಂತಕೆ ಅಪ್ಪಾ ಅಂದೆ. 'ಚೆಂಡಿಯಾದವ ಒಬ್ಬ ಇಲ್ಲಿ ಹೋದ. ಬೀಡಿ ಅಂದ್ರೆ ಜೀವ ಅವಂಗೆ' ಅಂದ. ಈಗ್ಲೂ ದಾಟುವಾಗೆಲ್ಲಾ ಎಸೀತ."

ನನ್ನ ಕಾಯಿ ಮುಟ್ಟದ ಮೂರು ವರ್ಷವೂ ಅಣ್ಣನಿಗೆ ಬೀಡಿ ಮುಟ್ಟಿತ್ತು, ನಾನು ಕಳ್ಳರೆಂದುಕೊಂಡವರ ಕೈಯಿಂದ.

"ನಿಮ್ಮಪ್ಪನ ಹತ್ರ ಗುರುತು ಕೇಳಿದ್ರೆ ಹೇಳ್ತನಾ?"

"ಹೇಳುದಿಲ್ಲ," ಎಂದು ಅವಳು ನಕ್ಕಳು. "ನೀವು ಹೇಳ್ತ್ರಾ?"

"ಇಲ್ಲ!" ಎಂದೆ. ಇಬ್ಬರೂ ನಕ್ಕೆವು. ಫೋಟೋಗಳು ಲ್ಯಾಪ್‌ಟಾಪಿಗೂ ಬಂದವು, ಒಂದು ಸಿ.ಡಿ.ಗೂ ಇಳಿದವು.

ಆ ಸಂಜೆ ಸೊಸೆ ಶೆಟ್ಲಿ, ಅಂದರೆ ಸೀಗಡಿಯ ಸಾರು ಮಾಡಿದ್ದಳು, ಮುರುಗಲು ಹಾಕಿ, ಹುಳಿ ಖಾರ ಹದವಾಗಿ. ಎಲ್ಲರೂ ಸುತ್ತ ಕೂತೆವು. ಲ್ಯಾಪ್‌ಟಾಪನ್ನು ಮೊಮ್ಮಗಳು ಎದುರಿಗೆ ಸ್ಟೂಲಿನ ಮೇಲಿಟ್ಟು ತೆರೆದಳು. ನಾನು ಮಗನಿಗೆ, ಹೆಂಡತಿಗೆ, ಸೊಸೆಗೆ ಎಲ್ಲರಿಗೂ ಕೇಳುವ ಹಾಗೆ ಎರಡೂ ಗೆರೆ ಹೇಳಿದೆ. ಮಗ ಅನ್ನದ ಕೈಯಲ್ಲೇ ತಗ್ಗನ್ನು ತೋರಿಸಲು ಹೋದ. "ಕೈ ತೊಳ್ಕಂಡು ಮುಟ್ಟು ಅಪ್ಪಾ! ಮತ್ತೆ ಅಂಕೋಲಿಗೆ ನೀನೇ ಹೋಗ್ಬೇಕಾಗ್ತದೆ," ಎಂದು ಮೊಮ್ಮಗಳು ಕೂಗಿದಳು.

"ಈ ಹುಣ್ಣಿಮೆಗೆ ಕಾಯಿ ಎಷ್ಟು ತೆಗೆದಿಡುದು?" ಎಂದು ಕೇಳಿದಳು ಹೆಂಡತಿ, ಅವಳ ಕಣ್ಣು ಆ ಬಾಗಿಲಿನ ಕೆಂಪು ಚುಕ್ಕೆಯ ಮೇಲೇ ಇತ್ತು.

"ಎರಡು. ಒಂದು ಕಟ್ಟು ಬೀಡಿನೂ."

"ಭಾವ ಇನ್ನೂ ಅದನ್ನ ಬಿಟ್ಟಿಲ್ವಾ!" ಎಂದು ಅವಳು ನನ್ನ ಬಟ್ಟಲಿಗೆ ಇನ್ನೊಂದು ಸವಟು ಸಾರು ಹಾಕಿದಳು. ಬಿಸಿ ಇತ್ತು. ಉಂಡೆವು.