ಬಿದ್ದದ್ದಕ್ಕೆ ನೆಲ ಸಿಕ್ಕಿತೆ

ಎಂಬತ್ತರ ದಶಕದಲ್ಲಿ ಕಾರವಾರದ ಕಾಲೇಜೊಂದರಲ್ಲಿ ನನ್ನ ಜೊತೆ ಭೌತಶಾಸ್ತ್ರ ಕಲಿಸುತ್ತಿದ್ದ ಮಾಸ್ತರಿಗೆ ಆಕಾಶದ ಒಂದೇ ಕಾಯದ ಗೀಳು. ವರ್ಷಗಟ್ಟಲೆ ಕತ್ತಲಾಗಿರುತ್ತಿದ್ದ ಅದು ಒಮ್ಮೊಮ್ಮೆ ಕೆಲವು ವಾರ ಎಕ್ಸ್‌ರೇ ಸೂಸಿ ಮತ್ತೆ ಆರುತ್ತಿತ್ತು. ಪಕ್ಕದ ನಕ್ಷತ್ರದ ಅನಿಲ ಅದರತ್ತ ಬೀಳುವುದೇ ಕಾರಣ. ಆದರೆ ಅದು ಗಟ್ಟಿ ನೆಲವಿರುವ ನ್ಯೂಟ್ರಾನ್ ತಾರೆಯೋ, ನೆಲವೇ ಇಲ್ಲದ ಕಪ್ಪುಕುಳಿಯೋ ಯಾರಿಗೂ ಗೊತ್ತಿರಲಿಲ್ಲ.

ತರಗತಿಯಲ್ಲಿ ಅವರು ಸೀಮೆಸುಣ್ಣ ಕೈಬಿಟ್ಟು, "ಬಿದ್ದದ್ದಕ್ಕೆ ನೆಲ ಸಿಕ್ತೋ ಇಲ್ವೋ, ಅಷ್ಟೇ ಪ್ರಶ್ನೆ" ಎನ್ನುತ್ತಿದ್ದರು. ಉತ್ತರವನ್ನೂ ಅವರೇ ಕೊಡುತ್ತಿದ್ದರು: ಕಪ್ಪುಕುಳಿ.

ಒಂದು ದಿನ ಅವರ ಸಂಶೋಧಕ ಗೆಳೆಯರ ಪತ್ರ ಬಂತು. ಈ ಸಲ ಕಾಯ ಬೆಳಗಿದಾಗ ಕೆಲವೇ ಸೆಕೆಂಡುಗಳ ಸ್ಫೋಟ ಕಂಡಿತ್ತು. ಬಿದ್ದ ಅನಿಲ ನೆಲದ ಮೇಲೆ ಶೇಖರವಾಗಿ ಸಿಡಿದಿತ್ತು. ಅಂದರೆ ನ್ಯೂಟ್ರಾನ್ ತಾರೆ.

ಮರುದಿನ ಮಾಸ್ತರು ತರಗತಿಯಲ್ಲಿ ತಿದ್ದಿ ಹೇಳಿದರು. ಭಾನುವಾರ ನನ್ನನ್ನೂ ಎಳೆದುಕೊಂಡು ಅಂಕೋಲೆ ಬಸ್ಸು ಹತ್ತಿದರು. ಹಳೆಯ ವಿದ್ಯಾರ್ಥಿಗೆ ಒಂದು ಕಾರ್ಡು ಬರೆದರೆ ಸಾಕಲ್ಲ ಎಂದೆ, ಕೇಳಲಿಲ್ಲ. ಅಲ್ಲಿನ ಕೇಣಿ ಎಂಬ ಊರಿನ ಕಡಲ ದಂಡೆಯಲ್ಲಿ, ಓದು ಬಿಟ್ಟ ಆ ಹುಡುಗ ಹರಿದ ಬಲೆ ಹೆಣೆಯುತ್ತಿದ್ದ.

"ನಿಂಗೆ ಕಪ್ಪುಕುಳಿ ಅಂದಿದ್ದೆ. ತಪ್ಪು ಮಾರಾಯಾ, ಅದಕ್ಕೆ ನೆಲ ಅದೆ."

ಅವನು ಗಡಬಡಿಸಿ ಎದ್ದು ನಿಂತ. "ನಂಗೆ ಅದು ಯಾವಾಗ್ಲೋ ಮರ್ತೇ ಹೋಯ್ತು, ಸರ್."

"ಅಡ್ಡಿಲ್ಲ. ಮರೆಯೂದಾದ್ರೆ ಸರಿಯಾದ್ದನ್ನೇ ಮರೆ" ಎಂದರು ಮಾಸ್ತರು.