ಬಂಪರಿನ ಆಚೆ ಕಂಡ ಎರಡು ಕಾಲು

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಗುತ್ತಿದ್ದವನು ನಾನು. ಗಾಡಿ ತಾನಾಗಿಯೇ ನಿಂತಿತಂತೆ, ಯಾರೋ ಕೈ ಹಿಡಿದು ಎಳೆದಂತಾಯಿತಂತೆ ಎಂದು ಗ್ಯಾರೇಜಿಗೆ ಬಂದವರು ಶುರು ಮಾಡಿದರೆ, ಬ್ರೇಕ್ ಸರಿ ಇತ್ತೋ ಇಲ್ಲವೋ ಅದನ್ನಷ್ಟು ಹೇಳಿ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಇಪ್ಪತ್ತು ವರ್ಷಕ್ಕೂ ಮೇಲೆ ಗಾಡಿಗಳ ಕೆಳಗೆ ಮಲಗಿದ್ದೇನೆ. ಕಬ್ಬಿಣದಲ್ಲಿ ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂಬುದು ನನ್ನ ನಂಬಿಕೆ. ಈಗಲೂ ಬಹಳಷ್ಟು ಮಟ್ಟಿಗೆ ಅದೇ. ಆದರೆ ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ನನಗೇ ಒಂದು ಪ್ರಸಂಗ ಬಂತು. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆಗ ನನ್ನ ಗ್ಯಾರೇಜು ಬ್ಯಾಡಗಿಯಲ್ಲಿ, ಕದರಮಂಡಲಗಿಗೆ ಹೋಗುವ ರಸ್ತೆಗೆ ಹತ್ತಿಕೊಂಡೇ ಇತ್ತು. ನನ್ನ ಅಕ್ಕನನ್ನು ಹಾವೇರಿ ಹತ್ತಿರದ ಅಗಡಿಗೆ ಕೊಟ್ಟಿದೆ. ಅವಳ ಗಂಡ ನಿಂಗಪ್ಪ ಮಾಮಾರ ಬಳಿ ಒಂದು ಹಳೆಯ ಪಿಕಪ್ ಇತ್ತು, ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವಂಥದ್ದು. ಮಳೆ ಬಂದು ಎರೆಹೊಲದಲ್ಲಿ ಬೇರೆಯವರ ಗಾಡಿ ಹೂತು ಕೂತರೆ ಮಾಮಾರ ಪಿಕಪ್ ಮಾತ್ರ ಚೀಲ ಹೊತ್ತು ಗುರ್ ಎನ್ನುತ್ತ ಹೊರಗೆ ಬರುತ್ತಿತ್ತು. ಗಾಡಿಗಿದ್ದ ಧೈರ್ಯ ಅದರ ಮಾಲೀಕನಿಗೆ ಇರಲಿಲ್ಲ. ಮಾಮಾ ಅಂಜುಬುರುಕರು. ಹಿಂದಕ್ಕೆ ತೆಗೆಯುವಾಗ ಯಾರಾದರೂ ನಿಂತು ಕೈ ಮಾಡಬೇಕು, ಟೈರು ಬದಲಿಸಿದರೆ ನಿಂಬೆಹಣ್ಣು, ಆಯಿಲು ಬದಲಿಸಿದರೂ ಊದಿನಕಡ್ಡಿ. ನಮ್ಮ ಮನೆಯಲ್ಲಿ ಅವರಿಗೆ ಮರ್ಯಾದೆ ಅಷ್ಟಕ್ಕಷ್ಟೇ. ಅಪ್ಪ ಅವರ ಎದುರಿಗೇ, ನಮ್ಮ ಮಗಳಿಗೆ ಗಟ್ಟಿ ಗಂಡು ಸಿಗಲಿಲ್ಲ ಎಂದುಬಿಡುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ, ಕಾಡಿಸುತ್ತಿದ್ದೆ. ಅಕ್ಕ ಕೇಳಿಯೂ ಕೇಳದ ಹಾಗೆ ಅಡುಗೆಮನೆಗೆ ಹೋಗುತ್ತಿದ್ದಳು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಗೇರ್‌ಬಾಕ್ಸಿನ ಬೆನ್ನಿಗೆ ಇನ್ನೊಂದು ಪೆಟ್ಟಿಗೆ ಇರುತ್ತದೆ, ಟ್ರಾನ್ಸ್‌ಫರ್ ಕೇಸ್ ಎನ್ನುತ್ತೇವೆ. ಎಂಜಿನ್ನಿನ ಬಲವನ್ನು ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಹಂಚುವುದು ಅದೇ. ಮಾಮಾರ ಗಾಡಿಯಲ್ಲಿ ಅದರ ಹಲ್ಲುಗಳು ಸವೆದು, ಭಾರ ಬಿದ್ದ ಕೂಡಲೇ ಕಟಕ್ಕನೆ ಜಾರುತ್ತಿತ್ತು. ಹಾವೇರಿಯ ಒಂದು ಗುಜರಿಯಲ್ಲಿ ಅದೇ ಮಾದರಿಯ ಗಾಡಿಯಿಂದ ಬಿಚ್ಚಿದ ಪೆಟ್ಟಿಗೆ ಸಿಕ್ಕಿತು. ರಾಣೆಬೆನ್ನೂರಿಗೆ ಹೋಗಿ ಆಯಿಲ್ ಸೀಲು ತಂದೆ. ಅಮಾವಾಸ್ಯೆ ದಿನ ಗ್ಯಾರೇಜಿಗೆ ರಜೆ, ಯಾರ ಕಾಟವೂ ಇರುವುದಿಲ್ಲ, ಅವತ್ತೇ ಮುಗಿಸೋಣ ಎಂದೆ. ಅಮಾವಾಸ್ಯೆ ಎಂದರೆ ಗಾಡಿ ಪೂಜೆಯ ದಿನ, ಮಾಮಾರಿಗೂ ಖುಷಿಯೇ. ಬೆಳಿಗ್ಗೆ ಬರುವಾಗಲೇ ಚೀಲದಲ್ಲಿ ತೆಂಗಿನಕಾಯಿ ತಂದಿದ್ದರು. ಗಿರಾಕಿಗಳು ಬಂದು ತಲೆ ತಿನ್ನಬಾರದು ಎಂದು ಅಂಗಳದ ಗೇಟಿಗೆ ನಾನೇ ಒಳಗಿನಿಂದ ಅಗುಳಿ ಹಾಕಿದೆ. ಒಳಗೆ ಇದ್ದದ್ದು ನಾವಿಬ್ಬರೇ.

ಇಲ್ಲಿ ಒಂದು ಮಾತು ನೀವು ತಿಳಿದುಕೊಳ್ಳಬೇಕು. ಈ ಹಳೆಯ ಗಾಡಿಯಲ್ಲಿ ಹ್ಯಾಂಡ್‌ಬ್ರೇಕ್ ಗಾಲಿಯಲ್ಲಿ ಇರಲಿಲ್ಲ, ಅದೇ ಪೆಟ್ಟಿಗೆಯ ಹಿಂಬದಿಗೆ ಇತ್ತು. ಪೆಟ್ಟಿಗೆ ಇಳಿಸಿದರೆ ಹ್ಯಾಂಡ್‌ಬ್ರೇಕ್ ಹೋಯಿತು, ಗೇರ್ ಹಾಕಿ ನಿಲ್ಲಿಸಿದ್ದೂ ಹೋಯಿತು. ಒಳಗೆ ಲಿವರ್ ಎಳೆದೇ ಇರುತ್ತದೆ, ಗೇರೂ ಬಿದ್ದೇ ಇರುತ್ತದೆ, ಆದರೆ ಅವಕ್ಕೂ ಗಾಲಿಗೂ ಸಂಬಂಧವೇ ಉಳಿದಿರುವುದಿಲ್ಲ. ಇದು ಬಿಚ್ಚುವವನಿಗೆ ಗೊತ್ತು, ಓಡಿಸುವವನಿಗೆ ಗೊತ್ತಿರುವುದಿಲ್ಲ. ನಮ್ಮ ಅಂಗಳವೋ ರಸ್ತೆಯ ಕಡೆಗೆ ಇಳಿಜಾರು, ಗಾಡಿಯ ಮೂತಿಯೂ ಅದೇ ಕಡೆಗೆ. ಮುಂದಿನ ಎಡಗಾಲಿಗೆ ಒಂದು ಕಲ್ಲು ಕೊಟ್ಟಿದ್ದೆ. ಎರಡೂ ಗಾಲಿಗೆ ಕೊಡಬೇಕಿತ್ತು, ಕೊಡಲಿಲ್ಲ. ಆ ಒಂದೇ ಕಲ್ಲಿನ ಮೇಲೆ ಗಾಡಿ ನಿಂತಿದೆ ಎಂದು ಮಾಮಾರಿಗೆ ಹೇಳಲೂ ಇಲ್ಲ. ಸೊಕ್ಕು, ಮತ್ತೇನು.

ಮಧ್ಯಾಹ್ನದ ಹೊತ್ತಿಗೆ ಹಳೆಯ ಪೆಟ್ಟಿಗೆ ಇಳಿಸಿ, ರೊಟ್ಟಿ ತಿಂದು, ಗುಜರಿಯಿಂದ ತಂದದ್ದನ್ನು ಏರಿಸಲು ಕೆಳಗೆ ಸೇರಿದೆ. ಈಗ ಅದಕ್ಕೆಲ್ಲ ಯಂತ್ರ ಬಂದಿದೆ, ಆಗ ನಮ್ಮ ಎದೆಯೇ ಜಾಕು. ಗೋಣಿಚೀಲದ ಮೇಲೆ ಅಂಗಾತ ಮಲಗಿ, ಪೆಟ್ಟಿಗೆಯನ್ನು ಎದೆಯ ಮೇಲೆ ತಂದುಕೊಂಡು, ಎರಡೂ ಕೈಯಿಂದ ಮೇಲೆತ್ತಿ ಹಲ್ಲಿಗೆ ಹಲ್ಲು ಕೂಡಿಸಬೇಕು. ಅರ್ಧ ಚೀಲ ಜೋಳದಷ್ಟು ಭಾರ. ನನ್ನ ತಲೆ ಹಿಂದಿನ ಗಾಲಿಗಳ ಕಡೆಗಿತ್ತು, ಕಾಲು ಮುಂದಿನ ಬಂಪರಿನ ಕಡೆಗೆ. ಅಷ್ಟರಲ್ಲಿ ಮಾಮಾ ಬಗ್ಗಿ ನೋಡಿದರು.

“ತಡಿಯೋ ತಮ್ಮಾ, ಯಾವ ಗಾಡೀದೋ ಏನೋ ಅದು. ಒಂದ ಕಾಯಿ ಒಡೀತೇನಿ, ಆಮ್ಯಾಲೆ ಕೂಡಸು.”

ಏನಾದರೂ ಮಾಡ್ರಿ, ಲಗೂ ಮಾಡ್ರಿ ಎಂದು ಕೆಳಗಿನಿಂದಲೇ ನಕ್ಕೆ. ಕಾಯಿ ಒಡೆಯಲು ಕಲ್ಲು ಬೇಕಲ್ಲ. ಅಂಗಳದಲ್ಲಿ ಕಲ್ಲೆಂಬುದು ಇದ್ದದ್ದು ಅದೊಂದೇ. ಮಾಮಾ ಗಾಡಿಯೊಳಗೆ ಇಣುಕಿದ್ದಾರೆ, ಹ್ಯಾಂಡ್‌ಬ್ರೇಕ್ ಎಳೆದಿದೆ, ಗೇರೂ ಹಾಕಿದೆ. ಹದಿನಾಲ್ಕು ವರ್ಷ ಅದೇ ಬ್ರೇಕು ಅದೇ ಗಾಡಿಯನ್ನು ಹಿಡಿದದ್ದನ್ನು ಕಂಡವರು. ಕಲ್ಲು ಸುಮ್ಮನೆ ಇಟ್ಟದ್ದು ಎಂದುಕೊಂಡು ತೆಗೆದಿದ್ದಾರೆ.

ತಕ್ಷಣ ಏನೂ ಆಗಲಿಲ್ಲ. ಗಾಲಿ ಮಣ್ಣಿನಲ್ಲಿ ಸ್ವಲ್ಪ ಕಚ್ಚಿಕೊಂಡಿತ್ತೋ ಏನೋ. ನಾನು ಪೆಟ್ಟಿಗೆಯನ್ನು ಪೂರ್ತಿ ಮೇಲೆತ್ತಿ, ಹಲ್ಲಿಗೆ ಹಲ್ಲು ಹುಡುಕುತ್ತಿದ್ದೆ. ನನ್ನ ನೂಕಿಗೆ ಗಾಡಿ ಒಮ್ಮೆ ಕುಲುಕಿತು, ಆಮೇಲೆ ತಲೆಯ ಮೇಲಿನ ಕಬ್ಬಿಣವೆಲ್ಲ ಸಾವಕಾಶ ಮುಂದಕ್ಕೆ ಸರಿಯತೊಡಗಿತು. ಮೊದಲು ನನಗೆ ತಲೆ ತಿರುಗಿದೆ ಎಂದುಕೊಂಡೆ. ಅಷ್ಟರಲ್ಲಿ ಹಿಂದಿನ ಆಕ್ಸಲಿನ ನಡುವಿನ ಕಬ್ಬಿಣದ ಗಡ್ಡೆ ನನ್ನ ನೆತ್ತಿಯ ಕಡೆಗೆ ಬರುವುದು ಕಣ್ಣ ಅಂಚಿಗೆ ಕಂಡಿತು. ಕೈ ಬಿಟ್ಟರೆ ಪೆಟ್ಟಿಗೆ ಎದೆಯ ಮೇಲೆ ಬೀಳುತ್ತದೆ, ಬಿಡದಿದ್ದರೆ ಹೊರಳಲು ಬರುವುದಿಲ್ಲ. “ಮಾಮಾ, ಹಿಡೀರಿ” ಎಂದು ಕಿರುಚಿದೆ. ಅಂಥ ದನಿ ನನ್ನ ಗಂಟಲಲ್ಲಿ ಇದೆ ಎಂದು ನನಗೇ ಗೊತ್ತಿರಲಿಲ್ಲ.

ಗಾಡಿ ನಿಂತಿತು. ಗಡ್ಡೆಗೆ ಅಂಟಿದ್ದ ಆಯಿಲು ನನ್ನ ಹಣೆಗೆ ಹತ್ತಿತ್ತು, ಅಷ್ಟು ಹತ್ತಿರ. ಉಸಿರು ಹಿಡಿದು ಕಾಲ ಕಡೆಗೆ ನೋಡಿದೆ. ಮುಂದಿನ ಬಂಪರಿನ ಆಚೆ ಎರಡು ಬರಿಗಾಲು ಕಂಡವು. ಮೊಣಕಾಲಿನ ಕೆಳಗಿನಷ್ಟೇ. ಬೆರಳು ಅಗಲಿಸಿ, ಹಿಮ್ಮಡಿಯನ್ನು ಮಣ್ಣಿಗೆ ಊರಿ, ಮೀನಖಂಡ ನಡುಗುವಷ್ಟು ಬಲ ಹಾಕಿ ಗಾಡಿಯನ್ನು ಎದುರಿನಿಂದ ತಡೆದಿದ್ದವು. ಧೂಳು ಮೆತ್ತಿದ ಕಾಲು. ಮಾಮಾ ಪೂಜೆಗೆಂದು ಚಪ್ಪಲಿ ಬಿಟ್ಟಿದ್ದರು, ಅವು ಮಾಮಾರ ಕಾಲೇ ಎನ್ನುವುದರಲ್ಲಿ ನನಗೆ ಅನುಮಾನವೇ ಬರಲಿಲ್ಲ. ಕಣ್ಣು ಮುಚ್ಚಿದೆ. ಎಷ್ಟು ಹೊತ್ತು ಹಾಗಿದ್ದೆನೋ, ಕಲ್ಲು ಗಾಲಿಗೆ ತಾಗಿದ ಸದ್ದು ಕೇಳಿತು. ಪೆಟ್ಟಿಗೆಯನ್ನು ಪಕ್ಕಕ್ಕೆ ಇಳಿಸಿ ತೆವಳಿಕೊಂಡು ಹೊರಗೆ ಬಂದೆ.

ಮಾಮಾ ಮುಂದಿನ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ಆ ಕಲ್ಲನ್ನು ಒತ್ತಿ ಹಿಡಿದಿದ್ದರು. ಮುಖ ಸುಣ್ಣ ಬಳಿದ ಹಾಗಿತ್ತು. ಅವರ ಕೊರಳಿಗೆ ಬಿದ್ದು ಅತ್ತೆ. ತಪ್ಪಾತೋ ತಮ್ಮಾ, ತಪ್ಪಾತು ಎನ್ನುವುದೊಂದೇ ಅವರ ಬಾಯಲ್ಲಿ. ಕಲ್ಲು ತೆಗೆದದ್ದಕ್ಕೆ ಹೇಳುತ್ತಿದ್ದಾರೆ ಎಂದುಕೊಂಡೆ.

ಮರುದಿನ ಅಪ್ಪ, ಅಕ್ಕ ಇಬ್ಬರೂ ಬಂದರು. ಬಂಪರಿನ ಮುಂದೆ ಮಣ್ಣಿನಲ್ಲಿ ಹಿಮ್ಮಡಿ ಊರಿದ ಎರಡು ಕುಳಿ ಇದ್ದವು, ನಾನೇ ತೋರಿಸಿದೆ. ಅಪ್ಪ ಬಹಳ ಹೊತ್ತು ಅದನ್ನೇ ನೋಡಿ, ಮಾಮಾರ ಹೆಗಲ ಮೇಲೆ ಕೈ ಇಟ್ಟರು. ಮದುವೆಯಾಗಿ ಹದಿನೈದು ವರ್ಷದಲ್ಲಿ ಅದೇ ಮೊದಲು. ಅವತ್ತಿನಿಂದ ಊಟಕ್ಕೆ ಅಳಿಯನಿಗೆ ತಮ್ಮ ಪಕ್ಕದಲ್ಲೇ ತಾಟು. ಅಕ್ಕ ತವರಿಗೆ ಬಂದರೆ ಅಡುಗೆಮನೆಗೆ ಓಡುವುದು ನಿಂತಿತು, ಪಡಸಾಲೆಯಲ್ಲಿ ಕೂತು ನಾಲ್ಕು ಜನರ ನಡುವೆ ಮಾತಾಡತೊಡಗಿದಳು. ನಮ್ಮ ಮನೆಯವ್ರು ಇರದಿದ್ರ ಇವ ಇವತ್ತ ಇರ್ತಿದ್ದಿಲ್ಲ ಎಂದು ನನ್ನನ್ನು ತೋರಿಸಿ ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಎರಡು ವರ್ಷದ ಹಿಂದೆ ರಾಣೆಬೆನ್ನೂರಿನಲ್ಲಿ ಮನೆ ಕಟ್ಟಿಸಿದೆ. ವಾಸ್ತುಪೂಜೆಯ ದಿನ ಎಲ್ಲರ ಎದುರು ಅಕ್ಕನಿಗೂ ಮಾಮಾರಿಗೂ ಬಟ್ಟೆಯ ಆಯೇರಿ ಮಾಡಿ, ನನಗೆ ಜೀವ ಕೊಟ್ಟವರು ಇವರು ಎಂದು ಧೋತರ ಕೈಗಿಟ್ಟೆ. ಮಾಮಾ ತೆಗೆದುಕೊಳ್ಳಲಿಲ್ಲ. ಎದ್ದು ಸೀದಾ ಮಾಳಿಗೆ ಹತ್ತಿದರು. ನಾನೂ ಹಿಂದೆಯೇ ಹೋದೆ.

“ಇದನ್ನ ತಗೋಳಾಕ ನನಗ ಮನಸ ಬರವಲ್ದೋ. ಅವತ್ತ ಗಾಡಿ ನಾ ಹಿಡದಿಲ್ಲ.”

ಅವರು ತಲೆ ತಗ್ಗಿಸಿಕೊಂಡೇ ಹೇಳಿದರು. ದೇವರ ಕಾಯಿ ಒಡೆಯುವ ಕಲ್ಲು, ಮಣ್ಣು ಮೆತ್ತಿದೆ ಎಂದು ತೊಳೆಯಲು ಶೆಡ್ಡಿನ ಪಕ್ಕದ ನಲ್ಲಿಗೆ ಒಯ್ದಿದ್ದರಂತೆ. ಗಾಡಿಗಿಂತ ಇಪ್ಪತ್ತು ಹೆಜ್ಜೆ ಹಿಂದೆ. ನಾನು ಕಿರುಚಿದ್ದು ಕೇಳಿದ್ದಾರೆ, ಗಾಡಿ ಸರಿಯುವುದನ್ನೂ ಕಂಡಿದ್ದಾರೆ, ಕಾಲೇ ಎದ್ದಿಲ್ಲ. ಕಲ್ಲು ಹಿಡಿದುಕೊಂಡು ಅಲ್ಲೇ ನಿಂತಿದ್ದಾರೆ. ನಾನು ಸತ್ತೆನೆಂದೇ ತಿಳಿದು, ಎಷ್ಟೋ ಹೊತ್ತಿನ ಮೇಲೆ ನಡೆದು ಬಂದರೆ ಗಾಡಿ ಇಳಿಜಾರಿನಲ್ಲಿ ತಾನಾಗಿ ನಿಂತಿತ್ತಂತೆ. ಮುಂದೆ ಯಾರೂ ಇರಲಿಲ್ಲ. ಕಲ್ಲು ಇಟ್ಟರು, ನಾನು ಹೊರಗೆ ಬಂದು ಕೊರಳಿಗೆ ಬಿದ್ದೆ, ಅವರಿಗೆ ಬಾಯಿ ಬರಲಿಲ್ಲ.

ಸುಳ್ಳು ಹೇಳಬ್ಯಾಡ್ರಿ, ನಾ ನಿಮ್ಮ ಕಾಲ ನೋಡೇನಿ ಎಂದೆ.

“ನೀ ನೋಡೀದಿ ಅಂತ ನನಗೂ ಗೊತ್ತೈತಿ. ಮಣ್ಣಾಗಿನ ಕುಣಿ ನಾನೂ ನೋಡೇನಿ. ಅವು ಯಾರ ಕಾಲು ಅಂತ ನಾಕ ವರ್ಷ ಆತು, ನಾ ಯಾರನ್ನ ಕೇಳ್ಲಿ?”

ಹಗಲು ಹನ್ನೆರಡು ಗಂಟೆ, ಕೆಳಗೆ ಮನೆ ತುಂಬ ಜನ, ಹೋಳಿಗೆಯ ವಾಸನೆ. ನಾನು ಅಲ್ಲೇ ಗೋಡೆಗೆ ಒರಗಿ ಕೂತೆ. ಆ ಅಮಾವಾಸ್ಯೆಯ ದಿನ ಗ್ಯಾರೇಜಿನ ಗೇಟಿನ ಅಗುಳಿಯನ್ನು ಸಂಜೆ ತೆಗೆದವನೂ ನಾನೇ. ಅಲ್ಲಿಯವರೆಗೆ ಅದು ಹಾಕಿದ ಹಾಗೇ ಇತ್ತು.

ಮೆಕ್ಯಾನಿಕ್ ಬುದ್ಧಿ ಸುಮ್ಮನಿರುವುದಿಲ್ಲ. ಮುಂದಿನ ವಾರವೇ ಪಿಕಪ್ ತರಿಸಿ, ಬ್ಯಾಡಗಿಯ ಅದೇ ಅಂಗಳದಲ್ಲಿ ಅದೇ ಜಾಗಕ್ಕೆ ನಿಲ್ಲಿಸಿ, ಪೆಟ್ಟಿಗೆ ಇಳಿಸಿ, ಒಬ್ಬರನ್ನು ಒಳಗೆ ಕಾಲ್‌ಬ್ರೇಕಿಗೆ ಕೂರಿಸಿ ಕಲ್ಲು ತೆಗೆದೆ. ಒಂದು ಕುಲುಕಿಗೆ ಗಾಡಿ ಹೊರಟಿತು. ಏಳು ಸಲ ಮಾಡಿದೆ, ಏಳು ಸಲವೂ ಬ್ರೇಕ್ ಒತ್ತಿದಾಗಲೇ ನಿಂತದ್ದು. ಕೊನೆಗೆ ನಾನೇ ಬರಿಗಾಲಲ್ಲಿ ಎದುರು ನಿಂತು ತಡೆದು ನೋಡಿದೆ. ನನ್ನನ್ನೂ ನೂಕಿಕೊಂಡೇ ಬಂತು. ಗಾಬರಿಯಲ್ಲಿ ನನ್ನ ಕಣ್ಣೇ ಮೋಸ ಮಾಡಿತು ಎನ್ನೋಣವೆಂದರೆ, ಗಾಡಿ ನಿಂತದ್ದು ಹೇಗೆ? ಆ ಕುಳಿಗಳು ಬಂದದ್ದು ಎಲ್ಲಿಂದ? ನಿಮಗೇನಾದರೂ ಹೊಳೆದರೆ ಹೇಳಿ, ನಾನಂತೂ ಸೋತಿದ್ದೇನೆ.

ಖರೇ ಸಂಗತಿ ಎಲ್ಲರಿಗೂ ಹೇಳಿಬಿಡು, ನನಗೆ ಸಾಕಾಗಿದೆ ಎಂದು ಮಾಮಾ ಅವತ್ತೇ ಮಾಳಿಗೆಯ ಮೇಲೆ ಕೈ ಮುಗಿದಿದ್ದರು. ನನ್ನಿಂದ ಆಗಲಿಲ್ಲ. ಹೋದ ತಿಂಗಳು ಅಗಡಿಗೆ ಹೋದಾಗ ಮನೆಗೆ ಬೀಗರು ಬಂದಿದ್ದರು. ಅಕ್ಕ ಚಹಾ ಕೊಡುತ್ತ ಅದೇ ಸುದ್ದಿ ತೆಗೆದಳು, ಗಂಡ ಹೇಗೆ ಒಬ್ಬನೇ ಗಾಡಿಗೆ ಎದೆ ಕೊಟ್ಟು ನಿಂತ ಎಂದು. ಮಾಮಾ ಬಸಿಯಲ್ಲಿದ್ದ ಚಹಾ ನೋಡುತ್ತ ಕೂತರು. ಅಕ್ಕ ನನ್ನ ಕಡೆಗೆ ತಿರುಗಿ, ಹೌದಲ್ಲೋ, ನೀನಽ ಕಣ್ಣಾರೆ ನೋಡೀದಿ ಎಂದಳು.

ಹೌದು, ನೋಡಿದ್ದೇನೆ ಎಂದೆ. ಅದರಲ್ಲಿ ಸುಳ್ಳಿಲ್ಲ.