ಬಡಗಿ ಮುಚ್ಚಿದ ಹನ್ನೊಂದು ತೂತು

ನಲವತ್ತು ವರ್ಷ ಉಳಿ ಹಿಡಿದ ಬಡಗಿಗೆ ತೂತುಬಿದ್ದ ಮರ ಕಂಡರೆ ಹಲ್ಲಿನ ಸಂದಿಗೆ ನಾರು ಸಿಕ್ಕಂತೆ, ತೆಗೆಯುವವರೆಗೆ ಸಮಾಧಾನವಿಲ್ಲ. ಅವನ ಮನೆಗೂ ಅಕ್ಕನ ಮನೆಗೂ ಹಿತ್ತಲು ಒಂದೇ, ಅವನ ಊಟವೂ ಅಕ್ಕನ ಮನೆಯಲ್ಲೇ. ಅಲ್ಲೊಂದು ಹಳೆಯ ಮರದ ಕಂಬ, ಅದಕ್ಕೆ ಬಿಗಿದ ತಂತಿಯ ಮೇಲೆ ಅಕ್ಕನ ಶರಬತ್ತು ಹಣ್ಣಿನ, ಅಂದರೆ ಪ್ಯಾಶನ್ ಫ್ರೂಟಿನ, ಬಳ್ಳಿ. ಕಂಬವನ್ನು ಕೊರೆದು ಕರಿ ದುಂಬಿಗಳು ಸಂಸಾರ ಹೂಡಿದ್ದವು.

ಮಂಚ ಮಾಡಿಸಲು ಬಂದ ಗಿರಾಕಿಯೊಬ್ಬ ನಕ್ಕ: "ಏನ್ ಮೇಸ್ತ್ರಿ, ನಿಮ್ಮನೆ ಕಂಬಾನೇ ಜರಡಿ ಆಗಿದೆ. ನನ್ನ ಮಂಚದ ಗತಿ?"

ಮಾತು ಮುಳ್ಳಾಗಿ ನೆಟ್ಟಿತು. ಗಿರಾಕಿ ಬೀದಿ ತಿರುಗುವಷ್ಟರಲ್ಲಿ ಬಡಗಿ ಮರದ ಹೊಟ್ಟಿಗೆ ಅಂಟು ಕಲಸಿ ಹನ್ನೊಂದು ತೂತನ್ನೂ ಮೆತ್ತಿ, ಮೇಲೆ ಗೆದ್ದಲಿನ ಔಷಧಿ ಬಳಿದ. ಒಳಗೆ ಗುಂಯ್ ಎಂದಿತು. ಕೇಳಿಸಲಿಲ್ಲವೆಂದುಕೊಂಡ.

ಆ ಸಲ ಬಳ್ಳಿ ತುಂಬ ಹೂ, ಕಾಯಿ ಒಂದೂ ಇಲ್ಲ. ಒಣಕೋಲು ನೆಟ್ಟರೂ ಚಿಗುರಿಸುತ್ತಾಳೆಂದು ಬೀದಿಯೇ ಹೊಗಳುತ್ತಿದ್ದ ಅಕ್ಕ ತನ್ನ ಅಂಗೈ ನೋಡಿಕೊಂಡಳು. "ಕೈಗುಣ ಹೋಯ್ತು ಕಣೋ."

"ಗೊಬ್ಬರ ಸಾಲ್ಲಿಲ್ವೇನೋ ಬಿಡಕ್ಕ."

ಆಗ ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಗೊತ್ತಾದದ್ದು ಇನ್ನೊಬ್ಬರ ಮನೆಗೆ ಬಾಗಿಲು ಕೂರಿಸಲು ಹೋದಾಗ. ಅಲ್ಲೂ ಅದೇ ಬಳ್ಳಿ, ಮೈತುಂಬ ಕಾಯಿ. ಪಕ್ಕದಲ್ಲಿ ತೂತುತೂತಾದ ಒಣ ದಿಮ್ಮಿ. ದಿಮ್ಮಿಯಿಂದ ಹಾರಿದ ಕರಿ ದುಂಬಿ ಹೂವಿಗೆ ನುಗ್ಗಿ, ಬೆನ್ನಿಗೆ ಹಳದಿ ಪುಡಿ ಮೆತ್ತಿಕೊಂಡು ಮತ್ತೊಂದು ಹೂವಿಗೆ ಹೋಯಿತು. ಸಣ್ಣ ಜೇನುಗಳೂ ಬಂದವು. ಹೂವಿನೊಳಗೆ ಪುಡಿ ಇರುವ ಎತ್ತರಕ್ಕೆ ಅವುಗಳ ಬೆನ್ನು ಎಟುಕಲಿಲ್ಲ. ಬಡಗಿಯ ಸುತ್ತಿಗೆ ನಿಂತಿತು. ಅಕ್ಕನ ಬಳ್ಳಿ ಬಾಳಿದ್ದು ಗೊಬ್ಬರದಿಂದಲ್ಲ, ಕಂಬದ ತೂತಿನಿಂದ.

ಹೇಳಬೇಕೆಂದೇ ಮನೆಗೆ ಬಂದ. ಆದರೆ ಒಂದು ತಿಂಗಳು ಅಕ್ಕ ಬಡಿಸಿದ್ದನ್ನು ತಲೆ ತಗ್ಗಿಸಿಕೊಂಡೇ ಉಂಡ.

ಒಂದು ಬೆಳಗ್ಗೆ ಅವನ ಮಗಳು ಬದನೆ ಸಸಿ ತಂದಳು. "ಅತ್ತೆ, ನೀವೇ ನೆಡಿ."

ಅಕ್ಕ ಕೈ ಹಿಂದಕ್ಕೆಳೆದುಕೊಂಡಳು. "ನನ್ನ ಕೈ ಬೇಡಮ್ಮ. ಪಾಪ, ಸಸಿ ಬದುಕ್ಕೊಳ್ಲಿ."

ಬಡಗಿಗೆ ತಡೆಯಲಾಗಲಿಲ್ಲ. ಉಳಿ ತಂದು ಒಂದು ತೂತಿನ ಅಂಟು ಕೆತ್ತಿ ಕಂಬ ತಟ್ಟಿದ. ಅಂಗೈಗೆ ಮೂರು ಒಣ ದುಂಬಿ ಉದುರಿದವು. ಅಕ್ಕನ ಮುಂದೆ ಹಿಡಿದು ಎಲ್ಲ ಹೇಳಿದ.

ಅಕ್ಕ ದುಂಬಿಗಳನ್ನು ನೋಡಿದಳು, ತಮ್ಮನನ್ನು ನೋಡಿದಳು. "ಗೊತ್ತಿದ್ದೂ ಒಂದು ತಿಂಗಳು ನನ್ನ ಕೈ ಅನ್ನ ಗಂಟಲಲ್ಲಿ ಹೇಗೆ ಇಳೀತೋ?"

"ಇಳೀಲಿಲ್ಲಕ್ಕ."

ಅವಳು ಸಸಿ ಇಸಿದುಕೊಂಡು ತಾನೇ ನೆಟ್ಟಳು.

ಬಡಗಿ ಔಷಧಿ ಕಾಣದ ಒಣಮರದ ಇನ್ನೊಂದು ಕಂಬ ಹೂತಿದ್ದಾನೆ. ದುಂಬಿ ಇನ್ನೂ ಬಂದಿಲ್ಲ. ಹೂ ಅರಳಿದ ದಿನ ಪಾಲಿಶ್ ಬ್ರಷ್ಷಿನಿಂದ ತಾನೇ ಹೂವಿಂದ ಹೂವಿಗೆ ಪುಡಿ ಮುಟ್ಟಿಸುತ್ತಾನೆ. "ಬೇಗ ಆಗ್ಲಿ ಕಣೋ, ದುಂಬಿ ಇಷ್ಟು ಸೋಮಾರಿ ಆಗಿರ್ಲಿಲ್ಲ," ಎಂದು ಅಕ್ಕ ಕುಟುಕುತ್ತಾಳೆ. ನಾಲ್ಕು ಕಾಯಿ ಕಚ್ಚಿವೆ. ಆದರೂ ಹಳೆ ಕಂಬ ದಾಟುವಾಗ ಅವನ ಕಾಲು ತಡೆಯುತ್ತದೆ. ಅಂದು ಕೇಳಿಸಲಿಲ್ಲವೆಂದುಕೊಂಡದ್ದು ಈಗ ದಿನಾ ಕೇಳಿಸುತ್ತದೆ.